ಸಂಪಾದಕರ ಉತ್ತರ: ಆ ಮೂರು ನಿಮಿಷ ಕತ್ತರಿಸಬೇಡಿ

ನಿಮ್ಮ ಪತ್ರದ ತಕರಾರು ಇಷ್ಟು: 1995ರ ಜಪಾನೀ ಅನಿಮೇಶನ್ ಚಿತ್ರ ‘ಘೋಸ್ಟ್ ಇನ್ ದ ಶೆಲ್’ನ ನಟ್ಟನಡುವೆ ಕಥೆ ನಿಂತೇಹೋಗುತ್ತದೆ, ಮೂರು ನಿಮಿಷದಷ್ಟು ಹೊತ್ತು ಬರೀ ಕಾಲುವೆ, ಅಂಗಡಿ ಬೋರ್ಡು, ಮಳೆ. ‘ನಾನು ಯಾರು’ ಎಂಬ ಪ್ರಶ್ನೆಯನ್ನು ಪಾತ್ರಗಳೇ ಬಾಯಿಬಿಟ್ಟು ಕೇಳಿಕೊಳ್ಳುತ್ತವಲ್ಲ, ಇದನ್ನು ಕತ್ತರಿಸಿದರೆ ಏನು ನಷ್ಟ? ಸೈಬರ್‌ಪಂಕ್ (ತಂತ್ರಜ್ಞಾನ ಮುಂದುವರಿದರೂ ಬದುಕು ಹದಗೆಟ್ಟ ಭವಿಷ್ಯದ ಕಥೆ) ಅನಿಮೇಶನ್‌ಗಳ ನಗರಗಳನ್ನು ಹೋದ ಸಂಚಿಕೆಯಲ್ಲಿ ನಾವು ವಿಪರೀತ ಹೊಗಳಿದೆವು ಎಂದೂ ಬರೆದಿದ್ದೀರಿ. ಹೊಗಳಿಕೆ ಸ್ವಲ್ಪ ಜಾಸ್ತಿಯಾಗಿದ್ದರೂ ಆಗಿರಬಹುದು. ಕತ್ತರಿಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ.

ಆ ಭಾಗವನ್ನು ಇನ್ನೊಮ್ಮೆ ಹಾಕಿಕೊಂಡು ನೋಡಿ. ಚಿತ್ರದ ನಾಯಕಿ, ಸರ್ಕಾರಿ ಪೊಲೀಸ್ ಅಧಿಕಾರಿ ಕುಸಾನಾಗಿ ದೋಣಿಯಲ್ಲಿ ಹೋಗುತ್ತಿರುವಾಗ ತಲೆ ಎತ್ತುತ್ತಾಳೆ. ಮೇಲೆ ಕಿಟಕಿ ಗಾಜಿನ ಹಿಂದೆ ಕೂತ ಹೆಂಗಸಿಗೂ ಅವಳದೇ ಮುಖ. ಯಾರೂ ಮಾತಾಡುವುದಿಲ್ಲ, ದೋಣಿ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಆಮೇಲೆ ಮಳೆ, ಹಳದಿ ಕೊಡೆಯ ಮಕ್ಕಳು, ಅಂಗಡಿ ಗಾಜಿನೊಳಗೆ ಕೈಕಾಲಿಲ್ಲದ ಗೊಂಬೆಗಳು. ಕುಸಾನಾಗಿಯ ಮೈ ಕಾರ್ಖಾನೆಯಲ್ಲಿ ಆದದ್ದು, ಕೆಲಸ ಬಿಟ್ಟರೆ ಸರ್ಕಾರಕ್ಕೆ ವಾಪಸು ಕೊಡಬೇಕಾದದ್ದು. ಇದನ್ನು ಆಕೆ ಮಾತಿನಲ್ಲಿ ಹೇಳಿದಾಗ ನಾವು ತಲೆಯಾಡಿಸುತ್ತೇವೆ, ಅಷ್ಟೇ. ಆ ಕಿಟಕಿ ಕಂಡಾಗಲೇ ಎದೆ ಧಸಕ್ಕೆನ್ನುವುದು.

ಊರು ಯಾವುದು ಎಂಬುದೂ ಮುಖ್ಯ. ಮಾಸಾಮುನೆ ಶಿರೋ ಅವರ ಮೂಲ ಮಾಂಗಾದಲ್ಲಿ (ಜಪಾನೀ ಕಾಮಿಕ್ಸ್) ಇದು ಜಪಾನಿನ ಒಂದು ಕಾಲ್ಪನಿಕ ನಗರ. ಸಿನಿಮಾ ಮಾಡುವಾಗ ನಿರ್ದೇಶಕ ಮಾಮೊರು ಓಶಿಯಿ ಹಾಂಗ್‌ಕಾಂಗನ್ನು ಮಾದರಿಯಾಗಿಟ್ಟುಕೊಂಡರು. ಒಂದರ ಮೇಲೊಂದು ಬಿದ್ದಂತಿರುವ ಚೀನೀ ಅಕ್ಷರದ ಬೋರ್ಡುಗಳು, ಮಾಳಿಗೆಗಳ ಮೇಲೇ ಹಾದುಹೋಗುವ ವಿಮಾನ ಎಲ್ಲ ಅಲ್ಲಿಯವು. ಕೈ ತಾಕ್ ವಿಮಾನ ನಿಲ್ದಾಣ 1998ರಲ್ಲಿ ಮುಚ್ಚುವವರೆಗೂ ಅಲ್ಲಿನ ಆಕಾಶ ಹಾಗೇ ಇತ್ತು. ಚಿತ್ರ ಬಂದಾಗ ಆ ಊರು ಬ್ರಿಟನ್ ಕೈಯಿಂದ ಚೀನಾ ಕೈಗೆ ಹೋಗಲು ಎರಡೇ ವರ್ಷ ಬಾಕಿ. ನಿರ್ದೇಶಕರ ಮನಸ್ಸಿನಲ್ಲಿ ಇದೇ ಇತ್ತೆಂದು ನಾನು ಹೇಳುತ್ತಿಲ್ಲ, ಇದು ನನ್ನ ಓದು. ಆದರೆ ತನ್ನ ಮೈ ತನ್ನದಲ್ಲದ ಹೆಣ್ಣನ್ನು, ಒಡೆಯ ಬದಲಾಗಲಿರುವ ಊರಿನ ಕಾಲುವೆಯಲ್ಲಿ ತೇಲಿಬಿಟ್ಟದ್ದು ನನಗಂತೂ ಬರೀ ಅಲಂಕಾರವಾಗಿ ಕಾಣುವುದಿಲ್ಲ.

ಕಸದ ಲಾರಿಯವನನ್ನು ನಿಮ್ಮ ಪತ್ರ ಮರೆತೇಬಿಟ್ಟಿದೆ. ಯಾರೋ ಅವನ ತಲೆಯೊಳಗೆ ಸುಳ್ಳು ನೆನಪು ತುಂಬಿದ್ದಾರೆ. ಹೆಂಡತಿ, ಮಗಳು ಎಂದು ಹಂಬಲಿಸುತ್ತಾನೆ, ಜೇಬಿನ ಫೋಟೋದಲ್ಲಿ ಅವರಿಬ್ಬರೂ ಇಲ್ಲ. ದಿನಾ ಊರಿಡೀ ಸುತ್ತುವವನಿಗೆ ತನ್ನ ಮನೆ ಖಾಲಿ ಎಂಬುದೇ ತಿಳಿಯದು.

‘ಅಕಿರಾ’ (1988) ಚಿತ್ರ ಇದೇ ಪ್ರಶ್ನೆಯನ್ನು ತಿರುವಿಹಾಕುತ್ತದೆ. ಅಲ್ಲಿ ನೆನಪು ಕಳೆದುಕೊಳ್ಳಲು ಹೊರಟಿರುವುದು ಊರೇ. ಸ್ಫೋಟದಲ್ಲಿ ಹಳೆಯ ಟೋಕಿಯೊ ನಾಶವಾಗಿದೆ. ಹೊಸದು ಒಲಿಂಪಿಕ್ಸ್‌ಗೆಂದು ಕ್ರೀಡಾಂಗಣ ಕಟ್ಟುತ್ತಿದೆ. ಆ ಸ್ಫೋಟಕ್ಕೆ ಕಾರಣನಾದ ಹುಡುಗನ ಅವಶೇಷವನ್ನು ಹೆಪ್ಪುಗಟ್ಟಿಸಿ ಇಟ್ಟಿರುವುದು ಅದೇ ಕ್ರೀಡಾಂಗಣದ ಬುಡದಲ್ಲಿ! ಕೊನೆಗೆ ಚಿತ್ರದ ಇನ್ನೊಬ್ಬ ಹುಡುಗ ತೆತ್ಸುವೋನ ಮೈ ಲಂಗುಲಗಾಮಿಲ್ಲದೆ ಉಬ್ಬುವುದೂ ಅಲ್ಲೇ.

ನಿಮ್ಮ ಮಾತು ನಿಜವಾಗುವ ಕಡೆಯೂ ಇದೆ. ನಿಯಾನ್ ದೀಪ, ಒದ್ದೆ ರಸ್ತೆ, ಗಗನಚುಂಬಿಗಳ ಮೇಲೆ ಜಾಹೀರಾತಿನ ಹೆಣ್ಣುಮುಖ: ಇಷ್ಟು ಜೋಡಿಸಿದರೆ ಸೈಬರ್‌ಪಂಕ್ ಆಯಿತು ಎಂದುಕೊಂಡ ಸರಣಿಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಊರು ನಾಟಕದ ಪರದೆ. ಪಾತ್ರವನ್ನು ಎತ್ತಿ ಬೇರೆ ಊರಿನಲ್ಲಿಟ್ಟರೂ ಏನೂ ಬದಲಾಗದು. ಅಲ್ಲಿ ಧಾರಾಳವಾಗಿ ಕತ್ತರಿ ಆಡಿಸಿ.

ಮುಂದೆ ಯಾವುದು ನೋಡಲಿ ಎಂದು ಕೇಳಿದ್ದೀರಿ. 1998ರ ‘ಸೀರಿಯಲ್ ಎಕ್ಸ್‌ಪೆರಿಮೆಂಟ್ಸ್ ಲೇನ್’ ನೋಡಿ, ಹದಿಮೂರೇ ಕಂತು. ನಿಯಾನ್ ಅಬ್ಬರವಿಲ್ಲ. ಕಣ್ಣು ಕುಕ್ಕುವ ಬೆಳಕಿನ ಬಡಾವಣೆ, ಕಲೆ ಕಲೆಯಾದ ನೆರಳು, ಶಾಲೆಗೆ ಹೊರಟ ಒಬ್ಬಳೇ ಹುಡುಗಿ. ದನಿ ಕಡಿಮೆ ಮಾಡಬೇಡಿ. ತಲೆಯ ಮೇಲಿನ ವಿದ್ಯುತ್ ತಂತಿಗಳು ಗುಂಯ್‌ಗುಡುವುದು ಕೇಳಿಸಬೇಕು.