ಒಣಗಿದ ಹಳ್ಳದ ಮರಳಲ್ಲಿ ಏನು ಬದುಕಿರುತ್ತದೆ?

ಪ್ರಶ್ನೆ: ಸಂಕ್ರಾಂತಿ ಕಳೆದರೆ ನಮ್ಮೂರ ಹಳ್ಳ ಹರಿಯುವುದಿಲ್ಲ. ಯುಗಾದಿ ಹೊತ್ತಿಗೆ ಬರೀ ಬಿಸಿ ಮರಳು. ಅದರಲ್ಲಿದ್ದ ಸೂಕ್ಷ್ಮಜೀವಿಗಳೆಲ್ಲ ಸತ್ತೇ ಹೋಗುತ್ತವೆಯೆ?
– ಓದುಗರೊಬ್ಬರು, ಕೊರಟಗೆರೆ

ಉತ್ತರ: ಬಹಳಷ್ಟು ಸಾಯುತ್ತವೆ, ಎಲ್ಲವೂ ಅಲ್ಲ. ಹರಿಯುವ ಹಳ್ಳದಲ್ಲಿ ಬ್ಯಾಕ್ಟೀರಿಯಾ, ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ಶಿಲೀಂಧ್ರಗಳು ಮರಳಿನ ಕಾಳುಗಳಿಗೆ ಲೋಳೆಯಾಗಿ ಅಂಟಿಕೊಂಡಿರುತ್ತವೆ. ಕಲ್ಲಿನ ಮೇಲೆ ಕಾಲಿಟ್ಟರೆ ಜಾರುವುದು ಈ ಲೋಳೆಯಿಂದಲೇ. ನೀರು ಇಂಗಿದಾಗ ಇವುಗಳನ್ನು ಮೊದಲು ಕಾಪಾಡುವುದೂ ಇದೇ. ಸುತ್ತಲಿನ ಮರಳು ಒಣಗಿದ ಮೇಲೂ ಇದರಲ್ಲಿ ಸ್ವಲ್ಪ ಕಾಲ ತೇವ ನಿಲ್ಲುತ್ತದೆ. ಆ ಬಿಡುವಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಒಣಗಿದಾಗ ಜೀವಕೋಶ ಕೆಡದಂತೆ ಕಾಪಾಡುವ ಟ್ರೆಹಲೋಸ್ ಎಂಬ ಸಕ್ಕರೆಯನ್ನು ಒಳಗೆ ತುಂಬಿಕೊಳ್ಳುತ್ತವೆ, ಬ್ಯಾಸಿಲಸ್ ಜಾತಿಯವು ಗಟ್ಟಿ ಕವಚದ ಬೀಜಾಣುಗಳಾಗುತ್ತವೆ. ಹಳ್ಳ ತಾನಾಗಿ ನಿಧಾನಕ್ಕೆ ಒಣಗಿದರೆ ಇದಕ್ಕೆಲ್ಲ ಸಮಯವಿರುತ್ತದೆ. ಮಡುವಿಗೆ ಪಂಪು ಇಟ್ಟು ಎರಡು ದಿನದಲ್ಲಿ ಬರಿದು ಮಾಡಿದರೆ ಇರುವುದಿಲ್ಲ.

ಒಣಗಿದಂತೆ ಒಳಗಿನ ಕೆಲಸವೂ ಬದಲಾಗುತ್ತದೆ. ಆಮ್ಲಜನಕವಿಲ್ಲದ ಕಪ್ಪು ಕೆಸರಿನಲ್ಲಿ ಮೀಥೇನ್ ತಯಾರಿಸುವ ಜೀವಿಗಳು ಮತ್ತು ನೈಟ್ರೇಟನ್ನು ಸಾರಜನಕವಾಗಿಸಿ ಗಾಳಿಗೆ ಬಿಡುವ ಬ್ಯಾಕ್ಟೀರಿಯಾಗಳು ಗಾಳಿ ಒಳಹೊಕ್ಕಂತೆ ಕೆಲಸ ನಿಲ್ಲಿಸುತ್ತವೆ. ತೇವ ಇನ್ನೂ ಇರುವಷ್ಟು ದಿನ ಅಮೋನಿಯಾವನ್ನು ನೈಟ್ರೇಟ್ ಮಾಡುವವು ದುಡಿಯುತ್ತವೆ. ಆ ನೈಟ್ರೇಟ್ ತಳದಲ್ಲೇ ಕೂಡುತ್ತ ಹೋಗುತ್ತದೆ. ಪೂರ್ತಿ ಒಣಗಿದಾಗ ಸಾಮಾನ್ಯವಾಗಿ ದಪ್ಪ ಗೋಡೆಯ ಆಕ್ಟಿನೋಬ್ಯಾಕ್ಟೀರಿಯಾಗಳ ಪಾಲು ಹೆಚ್ಚು. ಮೊದಲ ಹನಿಗೆ ಏಳುವ ಮಣ್ಣಿನ ವಾಸನೆಯಲ್ಲಿರುವ ಜಿಯೋಸ್ಮಿನ್ ಎಂಬ ರಾಸಾಯನಿಕ ಮುಖ್ಯವಾಗಿ ಇವುಗಳದೇ.

ದೊಡ್ಡ ಆಸರೆ ಇರುವುದು ಕೆಳಗೆ. ಒರತೆ ತೋಡುವಾಗ ಮೇಲಿನ ಬಿಸಿ ಮರಳು ಮುಗಿದು ಕೈಗೆ ತಣ್ಣಗೆ ತೇವ ತಗಲುವ ಪದರವಿದೆಯಲ್ಲ, ಅಲ್ಲಿ ಬೇಸಿಗೆಯಲ್ಲೂ ಜೀವ ನಡೆದೇ ಇರುತ್ತದೆ. ರುಮೇನಿಯಾದ ವಿಜ್ಞಾನಿ ಟ್ರಾಯನ್ ಒರ್ಗಿಡಾನ್ 1959ರಲ್ಲಿ ಇಂಥ ಪದರವನ್ನು ಹೈಪೊರೀಕ್ ಎಂದು ಕರೆದರು. ಮಳೆ ಬಂದಾಗ ಮೇಲಿನ ಮರಳಿಗೆ ಜೀವಿಗಳು ಮರಳುವುದು ಇಲ್ಲಿಂದ, ಉಳಿದ ಮಡುಗಳಿಂದ ಮತ್ತು ಮೇಲಿನಿಂದ ಹರಿದು ಬರುವ ನೀರಿನಿಂದ. ಬಂಡೆ ಕಾಣುವ ತನಕ ಮರಳು ಬಗೆದು ಸಾಗಿಸಿದರೆ ಈ ಆಸರೆಯೇ ಹೋಗುತ್ತದೆ. ಹಳ್ಳ ಒಣಗುವುದಕ್ಕಿಂತ ದೊಡ್ಡ ಪೆಟ್ಟು ಇದು.

ಪ್ರಶ್ನೆ: ಮೊದಲ ಮಳೆಗೆ ಬರುವ ನೀರು ಕಾಫಿ ಬಣ್ಣವಿರುತ್ತದೆ, ಮಡುವಿನ ಮೀನು ಸಾಯುತ್ತವೆ. ಯಾರಾದರೂ ವಿಷ ಹಾಕಿರಬಹುದೆ?
– ಹಿರಿಯೂರು

ಉತ್ತರ: ಬಣ್ಣ ಎಲೆಗಳದು. ತಿಂಗಳುಗಟ್ಟಲೆ ಒಣ ಪಾತ್ರದಲ್ಲಿ ಬಿದ್ದ ಹೊಂಗೆ, ನೀಲಗಿರಿ ಎಲೆಗಳ ಒಗರು ಒಮ್ಮೆಲೇ ನೀರಿಗಿಳಿಯುತ್ತದೆ. ಜೊತೆಗೆ, ಒಣಗಿದ್ದ ಸೂಕ್ಷ್ಮಜೀವಿಗಳಲ್ಲಿ ಎಷ್ಟೋ ದಿಢೀರ್ ನೀರು ಹೀರಿ ಒಡೆಯುತ್ತವೆ. ಉಳಿದವು ಅದನ್ನೆಲ್ಲ ತಿಂದು ಉಸಿರಾಟ ಹೆಚ್ಚಿಸಿ ನೀರಿನ ಆಮ್ಲಜನಕವನ್ನು ಬಳಸಿಬಿಡುತ್ತವೆ. ಒಣ ಮಣ್ಣು ನೆನೆದಾಗ ಇಂಗಾಲದ ಡೈಆಕ್ಸೈಡ್ ಹೀಗೆ ಉಕ್ಕುವುದನ್ನು ಕೀನ್ಯಾದಲ್ಲಿ ದುಡಿದ ವಿಜ್ಞಾನಿ ಎಚ್. ಎಫ್. ಬರ್ಚ್ 1950ರ ದಶಕದಲ್ಲಿ ವಿವರಿಸಿದರು. 30 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಕರಗುವ ಆಮ್ಲಜನಕವೇ ಲೀಟರಿಗೆ ಸುಮಾರು 7.5 ಮಿಲಿಗ್ರಾಂ. ಅದು 2ಕ್ಕಿಂತ ಕೆಳಗಿಳಿದರೆ ಹೆಚ್ಚಿನ ಮೀನುಗಳಿಗೆ ಕಷ್ಟ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಆಮ್ಲಜನಕದ ಕೊರತೆಯೆಂದೇ ಮೊದಲು ಯೋಚಿಸಿ. ತಿಳಿನೀರಿನಲ್ಲಿ ಮೀನು, ಗೊದಮೊಟ್ಟೆ, ಹುಳಗಳೆಲ್ಲ ಒಟ್ಟಿಗೆ ಸತ್ತಿದ್ದರೆ ವಿಷವೋ ಕೀಟನಾಶಕವೋ ಇರಬಹುದು. ನೀರಿನ ಮಾದರಿ ತೆಗೆದಿಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿ. ಮೊದಲ ಹರಿವನ್ನು ಮೀನು ಹೊಂಡಕ್ಕೆ ತಿರುಗಿಸಬೇಡಿ.

ಪ್ರಶ್ನೆ: ಒಣ ಮರಳಲ್ಲಿ ಜೀವವಿದೆ ಎಂದು ಶಾಲೆಯಲ್ಲಿ ತೋರಿಸುವುದು ಹೇಗೆ?
– ಶಿಕ್ಷಕರೊಬ್ಬರು, ಗದಗ

ಉತ್ತರ: ಬಿಗಿ ಮುಚ್ಚಳದ ಅರ್ಧ ಲೀಟರಿನ ಮೂರು ಗಾಜಿನ ಬಾಟಲಿ ಸಾಕು. ಒಂದು ಚಮಚ ತಿನ್ನುವ ಸುಣ್ಣವನ್ನು ಒಂದು ಲೀಟರ್ ನೀರಿಗೆ ಕದಡಿ, ಮುಚ್ಚಿಟ್ಟು, ಮರುದಿನ ಮೇಲಿನ ತಿಳಿಯನ್ನು ಬಸಿದುಕೊಳ್ಳಿ. ಕಣ್ಣಿಗೆ, ಕೈಗೆ ತಾಗದಂತೆ ನೋಡಿಕೊಳ್ಳಿ. ಹಳ್ಳದ ಮೇಲ್ಪದರದ ಮರಳಿನಿಂದ ಎಲೆ, ಬೇರು ಆರಿಸಿ, ಮೊದಲ ಬಾಟಲಿಗೆ 100 ಗ್ರಾಂ ಹಾಕಿ. ಎರಡನೆಯದಕ್ಕೂ ಅಷ್ಟೇ, ಆದರೆ ಅದನ್ನು ಮೊದಲು ಒದ್ದೆ ಮಾಡಿ, ಪ್ರೆಶರ್ ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿ, ಮರುದಿನ ಮತ್ತೊಮ್ಮೆ ಬೇಯಿಸಿ ಒಣಗಿಸಿಕೊಂಡಿರಬೇಕು. ಒಂದೇ ಸಲ ಬೇಯಿಸಿದರೆ ಬೀಜಾಣುಗಳು ಉಳಿಯಬಹುದು. ಮೂರನೆಯದು ಖಾಲಿ, ಬಾಟಲಿಯ ಗಾಳಿಯಿಂದಲೇ ಆಗುವ ಮಬ್ಬು ಎಷ್ಟೆಂದು ಅದರಿಂದ ಗೊತ್ತಾಗುತ್ತದೆ. ಮರಳಿಗೆ ಕುದಿಸಿ ಆರಿಸಿದ ನೀರು 15 ಮಿಲಿಲೀಟರ್ ಚಿಮುಕಿಸಿ, ಪ್ರತಿ ಬಾಟಲಿಯಲ್ಲೂ 10 ಮಿಲಿಲೀಟರ್ ಸುಣ್ಣದ ತಿಳಿಯ ಚಿಕ್ಕ ಬಟ್ಟಲಿಟ್ಟು ಮುಚ್ಚಿ.

ಜೀವಿಗಳು ಉಸಿರಾಡಿ ಬಿಡುವ ಇಂಗಾಲದ ಡೈಆಕ್ಸೈಡಿನಿಂದ ಒಂದೆರಡು ದಿನದಲ್ಲಿ ಮೊದಲ ಬಾಟಲಿಯ ತಿಳಿ ಹಾಲಿನಂತಾಗಬೇಕು. ದಿನಾ ತಿಳಿ ಬದಲಿಸುತ್ತ ಹೋದರೆ ಉಸಿರಾಟ ಮೊದಲು ಜೋರಾಗಿ, ಆಮೇಲೆ ಇಳಿಯುವುದು ಕಾಣುತ್ತದೆ. ಹೆಚ್ಚಾಗಿ ಕೆಡುವುದು ನೀರು ಜಾಸ್ತಿಯಾಗಿ: ಮರಳಿನ ಸಂದು ಮುಚ್ಚಿ ಗಾಳಿ ಆಡುವುದಿಲ್ಲ. ಮರಳಿಗೆ ನಿಂಬೆರಸ ಬಿಟ್ಟಾಗ ನೊರೆ ಬಂದರೆ ಅದರಲ್ಲಿ ಸುಣ್ಣಕಲ್ಲು ಇದೆ ಎಂದರ್ಥ, ಅದರಿಂದಲೂ ಇಂಗಾಲದ ಡೈಆಕ್ಸೈಡ್ ಬರಬಹುದು. ಆಗ ಬೇಯಿಸಿದ ಬಾಟಲಿಯ ಹೋಲಿಕೆಯಿಲ್ಲದೆ ಯಾವ ತೀರ್ಮಾನಕ್ಕೂ ಬರಬೇಡಿ.

ಪ್ರಶ್ನೆ: ಒರತೆ ನೀರು ಕುಡಿಯಬಹುದೆ?
– ಓದುಗರೊಬ್ಬರು, ಪಾವಗಡ

ಉತ್ತರ: ಕುದಿಸದೆ ಬೇಡ. ಮರಳು ಕದಡನ್ನು ಸೋಸುತ್ತದೆ, ರೋಗಾಣುಗಳನ್ನೆಲ್ಲ ತಡೆಯುವುದಿಲ್ಲ. ಮೇಲೆ ಹೇಳಿದಂತೆ ಕೂಡಿದ ನೈಟ್ರೇಟ್ ಕುದಿಸಿದರೂ ಹೋಗದು, ನೀರು ಆವಿಯಾದಷ್ಟು ಸಾಂದ್ರವಾಗುತ್ತದೆ. ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಸುತ್ತ ಗೊಬ್ಬರ ಹಾಕುವ ಹೊಲವಿದ್ದರೆ, ದನ ನಿಲ್ಲುವ ಜಾಗವಿದ್ದರೆ, ಮನೆಯಲ್ಲಿ ಹಸುಗೂಸಿದ್ದರೆ ಪರೀಕ್ಷೆ ಮಾಡಿಸದೆ ಆ ನೀರು ಬಳಸಬೇಡಿ.