ಹತ್ತನೇ ತರಗತಿಯ ಮಗ ತನ್ನ ಸಹಪಾಠಿ ಹುಡುಗನನ್ನೇ ಪ್ರೀತಿಸುತ್ತಿದ್ದಾನೆಂದು ತಿಳಿದಾಗ ತಾಯಿ ಏನು ಮಾಡಬೇಕು?

ಮಗನ ನೋಟ್‌ಬುಕ್ಕಿನೊಳಗೆ ಅವನು ಸಹಪಾಠಿಗೆ ಬರೆದ ಪತ್ರ ಸಿಕ್ಕಿತೆಂದೂ ಅದು ಬರಿಯ ಸ್ನೇಹದ ಪತ್ರವಲ್ಲವೆಂದೂ ಬರೆದಿದ್ದೀರಿ. ಮನೋವೈದ್ಯರಿಗೆ ತೋರಿಸಬೇಕೇ, ಆ ಹುಡುಗನ ಮನೆಯವರಿಗೆ ತಿಳಿಸಬೇಕೇ ಎಂದು ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ಅವಸರಪಟ್ಟರೆ ಆಡಿದ ಮಾತನ್ನು ಹಿಂದಕ್ಕೆ ಪಡೆಯಲಾಗದು. ದಯವಿಟ್ಟು ಆ ಮನೆಗೆ ತಿಳಿಸಬೇಡಿ.

ಇಷ್ಟು ಖಂಡಿತವಾಗಿ ಹೇಳುವುದಕ್ಕೆ ಕಾರಣವಿದೆ. ತೊಂಬತ್ತರ ದಶಕದಲ್ಲಿ ಮಲೆನಾಡಿನ ಒಂದು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ನನಗೂ ಅಂಥ ಗೆಳೆಯನೊಬ್ಬನಿದ್ದ. ರೇಖಾಗಣಿತದ ಪ್ರಮೇಯಗಳನ್ನು ಅವನು ನನಗೆ ಬಿಡಿಸಿ ಹೇಳುತ್ತಿದ್ದ. ಹಳಗನ್ನಡ ಪದ್ಯಗಳ ಸಾರಾಂಶವನ್ನು ನಾನು ಅವನಿಗೆ ಬರೆದುಕೊಡುತ್ತಿದ್ದೆ. ಅವನ ವಿಜ್ಞಾನದ ನೋಟ್ಸನ್ನು ಮನೆಗೆ ತಂದಾಗಲೆಲ್ಲ ಕೊನೆಯ ಪುಟವನ್ನು ಬೇಕೆಂದೇ ಬರೆದುಕೊಳ್ಳದೆ ಬಿಡುತ್ತಿದ್ದೆ, ಮರುದಿನ ಮತ್ತೆ ಕೇಳುವುದಕ್ಕೊಂದು ನೆಪ ಬೇಕಿತ್ತು. ಕೆಲವು ದಿನಗಳಾದ ಮೇಲೆ ಅವನು ಆ ಪುಟದ ಮೂಲೆಯನ್ನು ತಾನೇ ಮಡಚಿ ಕೊಡತೊಡಗಿದಾಗ, ನನ್ನ ನೆಪ ಅವನಿಗೆ ಎಂದೋ ತಿಳಿದಿತ್ತೆಂದು ನನಗೆ ಗೊತ್ತಾಯಿತು. ಬಸ್ಸಿನಲ್ಲಿ ಒಬ್ಬರಿಗೊಬ್ಬರು ಸೀಟು ಹಿಡಿಯುವುದು, ಅವನು ರಜೆ ಹಾಕಿದ ದಿನ ನನಗೆ ಊಟ ಸೇರದಿರುವುದು, ನಮ್ಮ ಪ್ರೇಮವೆಂದರೆ ಹೆಚ್ಚುಕಡಿಮೆ ಇಷ್ಟೇ. ಊರಿನ ಹಿರಿಯರೊಬ್ಬರು, ಒಳ್ಳೆಯ ಉದ್ದೇಶದಿಂದಲೇ ಇರಬಹುದು, ಇದನ್ನು ಅವನ ತಂದೆಯ ಕಿವಿಗೆ ಹಾಕಿದರು. ನಮ್ಮ ಮನೆಯಲ್ಲಿ ಯಾರೂ ಏನನ್ನೂ ಕೇಳಲಿಲ್ಲ. ಅವನ ಮನೆಯಲ್ಲಿ ಮಾತ್ರ ಬೆತ್ತ ಹೊರಬಂತು. ಅರ್ಧವಾರ್ಷಿಕ ಪರೀಕ್ಷೆ ಮುಗಿಯುತ್ತಿದ್ದಂತೆ ಅವನನ್ನು ದೂರದ ಊರಿನ ಹಾಸ್ಟೆಲಿಗೆ ಸೇರಿಸಿದರು. ಆ ಇನ್ನೊಬ್ಬ ಹುಡುಗನ ಮನೆ ಎಂಥದೆಂದು ನಿಮಗೆ ತಿಳಿಯದು. ತಿಳಿದಿದ್ದರೂ ಅಲ್ಲಿ ಹೇಳಬೇಕಾದವನು ಅವನೇ.

ಇನ್ನು ಮನೋವೈದ್ಯರ ವಿಷಯ. ಸಲಿಂಗ ಪ್ರೀತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೇ ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿತು. ಇದು ಕಾಯಿಲೆಯಲ್ಲವೆಂದು ಭಾರತೀಯ ಮನೋವೈದ್ಯರ ಸಂಘವೂ 2018ರಲ್ಲಿ ಹೇಳಿದೆ. ಮದ್ರಾಸ್ ಹೈಕೋರ್ಟಿನ ಆದೇಶಗಳ ಬಳಿಕ, ಇಂಥವರನ್ನು ‘ಬದಲಾಯಿಸುವ’ ಚಿಕಿತ್ಸೆ ವೃತ್ತಿಪರ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿತು. ಆದ್ದರಿಂದ ಸರಿಪಡಿಸಿಕೊಡುತ್ತೇನೆಂದು ಭರವಸೆ ಕೊಡುವ ವೈದ್ಯರಿಂದಲೂ ಸ್ವಾಮೀಜಿಗಳಿಂದಲೂ ಮಗನನ್ನು ದೂರವಿಡಿ. ಅವನು ನಿದ್ದೆ, ಊಟ ಬಿಟ್ಟಿದ್ದರೆ ಅಥವಾ ಬದುಕೇ ಬೇಡವೆಂಬ ಮಾತಾಡಿದರೆ ಮಾತ್ರ ನೆರವು ತಡಮಾಡದೆ ಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಇದು ವಯಸ್ಸಿನ ಹುಚ್ಚೇ ಎಂಬ ನಿಮ್ಮ ಅನುಮಾನಕ್ಕೆ ಈಗಲೇ ಉತ್ತರ ಸಿಗಲಾರದು. ಕೆಲವರಲ್ಲಿ ಇದು ಕಳೆದುಹೋಗುತ್ತದೆ, ನನ್ನಂಥವರಲ್ಲಿ ಉಳಿಯುತ್ತದೆ. ನೀನು ಯಾರೆಂದು ಹೇಳಿಬಿಡು ಎಂದು ಹದಿನೈದರ ಹುಡುಗನನ್ನು ಒತ್ತಾಯಿಸುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಕಾನೂನಿನ ಬಗ್ಗೆ ಒಂದು ಮಾತು: ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮಿನ ವಿಚಾರದಲ್ಲಿ, ಅದು ಅಪರಾಧವಲ್ಲವೆಂದು ಕೊಟ್ಟ ತೀರ್ಪು ಪರಸ್ಪರ ಒಪ್ಪಿಗೆಯುಳ್ಳ ವಯಸ್ಕರಿಗೆ ಸಂಬಂಧಿಸಿದ್ದು. ಹದಿನೆಂಟು ತುಂಬದವರಿಗೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಗಂಡು ಹೆಣ್ಣೆಂಬ ಭೇದವಿಲ್ಲದೆ ಅನ್ವಯಿಸುತ್ತದೆ. ಈ ವಯಸ್ಸಿನ ಮಗಳಿಗೆ ಯಾವ ಎಚ್ಚರಿಕೆ, ಯಾವ ಮಿತಿ ಹೇಳುತ್ತಿದ್ದಿರೋ ಅದನ್ನೇ ಇವನಿಗೂ ಹೇಳಿ. ಅದಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಪತ್ರವನ್ನು ಇದ್ದ ಜಾಗದಲ್ಲೇ ಇಟ್ಟುಬಿಡಿ, ಇನ್ನು ಮುಂದೆ ಅವನ ಪುಸ್ತಕಗಳನ್ನಾಗಲಿ ಫೋನನ್ನಾಗಲಿ ಶೋಧಿಸಬೇಡಿ. ಟಿವಿಯ ಮುಂದೆ ಯಾರಾದರೂ ಇಂಥವರನ್ನು ಗೇಲಿ ಮಾಡಿದಾಗ ನೀವು ನಗದೆ, ಅದು ತಪ್ಪೆಂದು ಒಂದು ಮಾತು ಹೇಳಿದರೆ ಸಾಕು, ಹುಡುಗರು ಅದನ್ನು ಗಮನಿಸುತ್ತಾರೆ. ಆ ಗೆಳೆಯ ಮನೆಗೆ ಬಂದರೆ ಎಂದಿನಂತೆ ಅವಲಕ್ಕಿ, ಕಾಫಿ ಕೊಟ್ಟು ಮಾತನಾಡಿಸಿ. ಮಗ ತಾನಾಗಿ ಬಾಯಿಬಿಟ್ಟ ದಿನ, ಪತ್ರ ನೋಡಿದ್ದೆನೆಂದು ಮುಚ್ಚಿಡದೆ ಹೇಳಿಬಿಡಿ. ಅವನ ತಂದೆಗೆ ಯಾವಾಗ, ಯಾರು ತಿಳಿಸಬೇಕೆಂಬುದನ್ನು ಅವನನ್ನೇ ಕೇಳಿ ನಿರ್ಧರಿಸಿ.