ವಾಲಂಟಿಯರ್ ಗ್ರೂಪ್ ಜೊತೆ ಬೆಂಗಳೂರಿಂದ ಉಗಾಂಡಾಗೆ ಹೋಗ್ತಿದೀನಿ, ಇಥಿಯೋಪಿಯಾದ ಆಡಿಸ್ ಅಬಾಬಾದಲ್ಲಿ ಸ್ಟಾಪ್‌ಓವರ್ ಇದೆ, ಏನೇನು ನೋಡ್ಕೋಬೇಕು?
ಮೊದ್ಲು ಯೆಲ್ಲೋ ಫೀವರ್ ಇಂಜೆಕ್ಷನ್ ಹಾಕಿಸ್ಕೊಳ್ಳಿ. ಅದು ಎಲ್ಲಾ ಆಸ್ಪತ್ರೇಲೂ ಸಿಗಲ್ಲ, ಸರ್ಕಾರ ಗುರುತಿಸಿರೋ ಸೆಂಟರ್‌ಗಳಲ್ಲಿ ಮಾತ್ರ, ಹಾಕಿಸ್ಕೊಂಡು 10 ದಿನ ಆದ್ಮೇಲೇನೇ ಸರ್ಟಿಫಿಕೇಟ್ ಚಾಲ್ತಿಗೆ ಬರೋದು, ಆಮೇಲೆ ಜೀವನಪೂರ್ತಿ ನಡೆಯುತ್ತೆ, ಆದ್ರೆ ಮನೇಲಿ ಮರೆತು ಹೋದ್ರೆ ಉಗಾಂಡಾದಲ್ಲೂ ತೊಂದರೆ, ವಾಪಸ್ ಬಂದಾಗ ನಮ್ಮ ಏರ್‌ಪೋರ್ಟಲ್ಲೂ 6 ದಿನದವರೆಗೆ ಕ್ವಾರಂಟೈನ್ ಮಾಡ್ಬಹುದು.

ಟಿಕೆಟ್ ಪೂರ್ತಿ ಒಂದೇ ಪಿಎನ್ಆರ್‌ನಲ್ಲಿ ಇರ್ಲಿ. ಬೇರೆ ಬೇರೆ ತಗೊಂಡ್ರೆ ಮಧ್ಯದಲ್ಲಿ ಲಗೇಜ್ ಇಳಿಸ್ಕೊಳೋಕೆ ಆಚೆ ಬರ್ಬೇಕಾಗ್ಬಹುದು, ಅದಕ್ಕೆ ಇಥಿಯೋಪಿಯಾ ವೀಸಾನೂ ಬೇರೆ ಬೇಕಾಗುತ್ತೆ. ಸೇವೆ ಮಾಡೋಕೆ ಟೂರಿಸ್ಟ್ ವೀಸಾ ಸಾಕಾ ಅಂತ ಗ್ರೂಪ್‌ನೋರ್ನ ಬರವಣಿಗೇಲೇ ಕೇಳಿ, "ಏನಾಗಲ್ಲ ಬನ್ನಿ" ಅನ್ನೋದನ್ನ ನಂಬ್ಬೇಡಿ. ಉಪ್ಪಿನಕಾಯಿ ಚೆಕ್-ಇನ್ ಬ್ಯಾಗಲ್ಲೇ ಹಾಕಿ, ಕೈಚೀಲದಲ್ಲಿದ್ರೆ ಸೆಕ್ಯೂರಿಟಿನೋರು ಕಿತ್ಕೋತಾರೆ!